ಕೂಲಂಟ್ ಸೋರುತ್ತಿರುವುದು ಎಲ್ಲಿಂದ? ಹುಡುಕುವ ಕ್ರಮ

ಕಾರಿನ ಎಂಜಿನ್ನನ್ನು ತಂಪಾಗಿಡುವ ದ್ರವವೇ ಕೂಲಂಟ್. ಟ್ಯಾಂಕಿನಲ್ಲಿ ಅದರ ಮಟ್ಟ ವಾರ ವಾರವೂ ಇಳಿಯುತ್ತಿದ್ದರೆ, ಆವಿಯಾಗಿರಬೇಕು ಎಂದು ಸುಮ್ಮನಾಗಬೇಡಿ. ಇದು ಮುಚ್ಚಿದ ವ್ಯವಸ್ಥೆ. ಪದೇ ಪದೇ ತುಂಬಿಸಬೇಕಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ನೆಲದ ಮೇಲೆ ಕಲೆ ಇಲ್ಲದಿರಬಹುದು, ಏಕೆಂದರೆ ಸಣ್ಣ ಹನಿ ಬಿಸಿ ಎಂಜಿನ್ ಮೇಲೆ ಬಿದ್ದಲ್ಲೇ ಒಣಗಿಬಿಡುತ್ತದೆ.

ಎಂಜಿನ್ ಪೂರ್ತಿ ತಣಿಯುವ ತನಕ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ದ್ರವ 100 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಕುದಿಯದೆ ನಿಂತಿರುವುದು ಒತ್ತಡದ ಬಲದಿಂದ. ಕ್ಯಾಪ್ ಸಡಿಲಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತೆರೆಯುವ ಮುನ್ನ ರೇಡಿಯೇಟರಿನ ಮೇಲಿನ ಹೋಸ್ ಹಿಚುಕಿದಾಗ ಮೆತ್ತಗೆ, ತಣ್ಣಗೆ ಇರಬೇಕು.

ನೆಲದಲ್ಲಿ ಒದ್ದೆ ಕಂಡರೆ ಮೊದಲು ಅದೇನು ಎಂದು ತಿಳಿಯಿರಿ. ಎಸಿಯಿಂದ ಇಳಿಯುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂಲಂಟ್ ಗ್ಲೌಸ್ ತೊಟ್ಟ ಬೆರಳುಗಳ ನಡುವೆ ಜಾರುತ್ತದೆ, ಸಿಹಿ ಘಮಲು ಇರುತ್ತದೆ, ಹಸಿರೋ ಗುಲಾಬಿಯೋ ನೀಲಿಯೋ ಬಣ್ಣವಿರುತ್ತದೆ. ಆ ಸಿಹಿಗೆ ನಾಯಿ, ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ.

ಈಗ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ದ್ರವ ಕೆಳಗೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗವನ್ನು ನಂಬದೆ, ಒದ್ದೆ ಶುರುವಾಗುವ ಅತ್ಯಂತ ಮೇಲಿನ, ಮುಂದಿನ ಬಿಂದುವನ್ನು ಹುಡುಕಿ. ಒಣಗಿದ ಕೂಲಂಟ್ ಬಿಳಿಯಾಗಿಯೋ ಅದರದೇ ಬಣ್ಣದಲ್ಲೋ ಹಕ್ಕಳೆ ಕಟ್ಟುತ್ತದೆ. ಹೋಸಿನ ತುದಿಯಲ್ಲಿ ಕ್ಲಾಂಪಿನ ಹಿಂದೆ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಕೂಡುವ ಅಂಚಿನಲ್ಲಿ, ಥರ್ಮೋಸ್ಟಾಟ್ ಹೌಸಿಂಗಿನ ಸುತ್ತ ಇದನ್ನು ಹುಡುಕಿ. ವಾಟರ್ ಪಂಪಿನ ಶಾಫ್ಟ್ ಕೆಳಗೆ ಸಣ್ಣ ತೂತೊಂದಿದೆ. ಒಳಗಿನ ಸೀಲ್ ಕೈಕೊಟ್ಟರೆ ದ್ರವ ಬೇರಿಂಗಿಗೆ ಹೋಗದೆ ಹೊರಬರಲೆಂದೇ ಆ ತೂತು. ಅಲ್ಲಿ ಒಣ ಕಲೆ ಮಾತ್ರ ಇದ್ದರೆ ಗಮನವಿಡಿ. ಹಸಿ ಗೆರೆ ಇಳಿದಿದ್ದರೆ ಪಂಪ್ ಬದಲಿಸಿ.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟರ್ ಬೇಕು. ತಣ್ಣಗಿನ ಎಂಜಿನ್‌ಗೆ ಕೂಲಂಟ್ ತುಂಬಿ, ಕ್ಯಾಪಿನ ಜಾಗದಲ್ಲಿ ಟೆಸ್ಟರ್ ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವ ಒತ್ತಡದ ತನಕ ಪಂಪ್ ಮಾಡಿ. ಹಲವು ಕಾರುಗಳಲ್ಲಿ ಅದು 13ರಿಂದ 16 ಪಿಎಸ್‌ಐ, ಅಂದರೆ ಸುಮಾರು 0.9ರಿಂದ 1.1 ಬಾರ್. ಅದನ್ನು ಮೀರಿದರೆ ಗಟ್ಟಿಯಿದ್ದ ಟ್ಯಾಂಕೇ ಬಿರಿಯಬಹುದು. 15 ನಿಮಿಷ ಬಿಟ್ಟು ಮುಳ್ಳು ನೋಡಿ. ಇಳಿದಿದ್ದರೆ ಕ್ಲಾಂಪುಗಳ ಕೆಳಗೆ ಒಣ ಟಿಶ್ಯೂ ಒತ್ತುತ್ತಾ ಹೋಗಿ, ಕಣ್ಣು ತಪ್ಪಿದ ತೇವ ಅದರಲ್ಲಿ ಕಾಣುತ್ತದೆ. ಟೆಸ್ಟರಿನಲ್ಲೇ ಕ್ಯಾಪನ್ನೂ ಪರೀಕ್ಷಿಸಿ. ಸ್ಪ್ರಿಂಗ್ ಸೋತ ಕ್ಯಾಪ್ ಒತ್ತಡ ಹಿಡಿಯದೆ ಕೂಲಂಟನ್ನು ಹೊರಚೆಲ್ಲುತ್ತದೆ, ತಪ್ಪು ರೇಡಿಯೇಟರಿನದು ಎಂದುಕೊಂಡು ಅದನ್ನು ಸುಮ್ಮನೆ ಬದಲಿಸುವುದೂ ಉಂಟು. ಕ್ಲಾಂಪಿನ ಸಂದಿ ತಣ್ಣಗಿದ್ದಾಗ ಮಾತ್ರ ಜಿನುಗಿ, ಬಿಸಿಗೆ ರಬ್ಬರ್ ಹಿಗ್ಗಿ ಮುಚ್ಚಿಕೊಳ್ಳುವುದೂ ಉಂಟು. ಬೆಳಗಿನ ಮೊದಲ ಸ್ಟಾರ್ಟ್‌ಗೆ ಮುಂಚೆ ಪರೀಕ್ಷಿಸಿ ಎನ್ನುವುದು ಅದಕ್ಕೇ.

ಮುಳ್ಳು ಇಳಿಯುತ್ತಿದೆ, ಹೊರಗೆಲ್ಲೂ ತೇವವಿಲ್ಲ ಎಂದಾದರೆ ಅನುಮಾನ ಎರಡು. ಒಂದು, ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡಲು ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆ, ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡು ಮಂಜು, ಹೀಟರ್ ಹಾಕಿದರೆ ಸಿಹಿ ವಾಸನೆ. ಇನ್ನೊಂದು, ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಸಿಲಿಂಡರ್ ಹೆಡ್‌ಗೂ ನಡುವಿನ ಸೀಲ್. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಕಲ್ಲಿನಂತಾಗುವ ಹೋಸ್, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತಂಥ ಆಯಿಲ್. ಆಯಿಲ್ ಮುಚ್ಚಳದ ಕೆಳಗಷ್ಟೇ ಬಿಳಿ ನೊರೆ ಇದ್ದರೆ ಗಾಬರಿ ಬೇಡ, ಹತ್ತಿರ ಹತ್ತಿರ ಓಡಿಸುವ ಕಾರಿನಲ್ಲಿ ಗಾಳಿಯ ತೇವವೂ ಹಾಗೆ ಕೂರುತ್ತದೆ. ಕೂಲಂಟ್ ಮೇಲಿನ ಗಾಳಿಯನ್ನು ಪರೀಕ್ಷಾ ದ್ರವದ ಮೂಲಕ ಎಳೆದಾಗ ನೀಲಿ ಬಣ್ಣ ಹಳದಿಗೆ ತಿರುಗಿದರೆ, ದಹನದ ಅನಿಲ ಕೂಲಂಟಿಗೆ ಸೇರುತ್ತಿದೆ. ಆ ಕಾರನ್ನು ಮುಂದೆ ಓಡಿಸಬೇಡಿ.

ಸೋರಿಕೆ ಮುಚ್ಚುವ ಪುಡಿ, ದ್ರಾವಣ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ಅವು ತೂತು ಯಾವುದು, ಹೀಟರ್ ಕೋರಿನ ಸಪೂರ ನಾಳ ಯಾವುದು ಎಂದು ಬೇರೆ ಮಾಡುವುದಿಲ್ಲ.

ರಿಪೇರಿಯಾದ ಮೇಲೆ ಮ್ಯಾನುಯಲ್ ಹೇಳಿದ ಬಗೆಯ ಕೂಲಂಟನ್ನೇ ಹಾಕಿ. ಕಾನ್ಸಂಟ್ರೇಟ್ ಆದರೆ ಸಾಮಾನ್ಯವಾಗಿ ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವ ತನಕ ಗಾಳಿ ತೆಗೆಯಿರಿ. ತಣ್ಣಗಿದ್ದಾಗಿನ ಮಟ್ಟಕ್ಕೆ ಟ್ಯಾಂಕಿನ ಮೇಲೆ ಟೇಪ್ ಅಂಟಿಸಿ, ಒಂದು ವಾರ ಬೆಳಗ್ಗೆ ಅದರೊಂದಿಗೆ ಹೋಲಿಸಿ. ಮೊದಲ ದಿನ ಸ್ವಲ್ಪ ಇಳಿದರೆ ಉಳಿದ ಗಾಳಿ ಹೊರಬಂದಿದೆ. ಮತ್ತೆ ತುಂಬಿದ ಮೇಲೂ ಇಳಿಯುತ್ತಿದ್ದರೆ ಟೆಸ್ಟರನ್ನು ಮತ್ತೆ ಕೂರಿಸಿ.