ಡಿಸಿ ಬಿಟ್ಟು ಡಿಜಿಟಲ್‌ಗೆ ಹೋಗದೆ ಮಾದರಿ ರೈಲಿನ ಎಂಜಿನ್ನನ್ನು ನಿಧಾನಕ್ಕೆ ಓಡಿಸಿದ್ದು: ನನ್ನ ಅನುಭವ

ಮನೆಯಲ್ಲಿ ನಾನು ಹಾಕಿಕೊಂಡಿರುವುದು ಅಲನ್ ರೈಟ್ ಅವರ ಇಂಗಲ್‌ನೂಕ್ ಸೈಡಿಂಗ್ಸ್ ಎಂಬ ಪುಟ್ಟ ಮಾದರಿ ರೈಲು ವಿನ್ಯಾಸ. ಒಂದು ಹಳಿಯಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸುತ್ತವೆ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿಯಲ್ಲಿ ಬಂದ ಕ್ರಮಕ್ಕೆ ಜೋಡಿಸಬೇಕು. ಇಡೀ ಆಟ ಶಂಟಿಂಗ್‌ನದೇ, ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವುದು, ಅಂದರೆ ಆಳು ನಡೆಯುವ ವೇಗದ್ದು. 1:76 ಅಳತೆಯಲ್ಲಿ ಗಂಟೆಗೆ 5 ಕಿ.ಮೀ. ಎಂದರೆ ಹಳಿಯ ಮೇಲೆ ಸೆಕೆಂಡಿಗೆ ಸುಮಾರು 18 ಮಿಲಿಮೀಟರ್ ಅಷ್ಟೇ.

ಗುಂಡಿ ತಿರುಗಿಸಿ ಹಳಿಯ ವೋಲ್ಟೇಜ್ ಏರಿಸುವ ಸಾದಾ ಡಿಸಿ (ನೇರ ಕರೆಂಟಿನ) ಕಂಟ್ರೋಲರ್‌ನಲ್ಲಿ ಈ ವೇಗ ಕೈಗೆ ಸಿಗುವುದು ಕಷ್ಟ. ಆಗ ಹಳಿಯಲ್ಲಿರುವುದು ಎರಡು ಮೂರು ವೋಲ್ಟ್. ಚೂರು ಕೊಳೆ ಅಡ್ಡ ಬಂದರೂ ಎಂಜಿನ್ ನಿಲ್ಲುತ್ತದೆ. ಗುಂಡಿ ತಿರುಗಿಸಿದರೆ ಜಿಗಿದು ವ್ಯಾಗನ್‌ಗೆ ಗುದ್ದುತ್ತದೆ.

ಎಂಜಿನ್ನೊಳಗೆ ಡಿಕೋಡರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದ್ದರೆ ಲೆಕ್ಕವೇ ಬೇರೆ. ಹಳಿಯ ವೋಲ್ಟೇಜು ನೇರವಾಗಿ ಮೋಟಾರಿಗೆ ಹೋಗುವುದಿಲ್ಲ, ಎಷ್ಟು ವೇಗ ಬೇಕೆಂದು ಡಿಕೋಡರ್‌ಗೆ ತಿಳಿಸುತ್ತದೆ. ಡಿಕೋಡರ್ ಮೋಟಾರಿಗೆ ಕರೆಂಟನ್ನು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕೊಡುತ್ತದೆ. ನಡುವಿನ ಬಿಡುವಿನಲ್ಲಿ, ತಿರುಗುತ್ತಿರುವ ಮೋಟಾರೇ ಹುಟ್ಟಿಸುವ ವೋಲ್ಟೇಜನ್ನು, ಅಂದರೆ ಬ್ಯಾಕ್ ಇಎಂಎಫ್ ಅನ್ನು, ಅಳೆಯುತ್ತದೆ. ವೇಗ ಕುಗ್ಗಿದೆ ಎಂದು ಕಂಡರೆ ತುಣುಕನ್ನು ಉದ್ದ ಮಾಡುತ್ತದೆ. ನನಗೆ ಇದರಷ್ಟು ಸೊಗಸಾದ ಉಪಾಯ ಈ ಹವ್ಯಾಸದಲ್ಲಿ ಇನ್ನೊಂದು ಕಂಡಿಲ್ಲ.

ನನ್ನದು ಕ್ಲಾಸ್ 08 ಡೀಸೆಲ್ ಶಂಟರ್. ಡಿಕೋಡರ್‌ಗೆಂದೇ ಸಾಕೆಟ್ ಇದ್ದದ್ದರಿಂದ, ಅದರಲ್ಲಿದ್ದ ಬ್ಲಾಂಕಿಂಗ್ ಪ್ಲಗ್ (ಡಿಕೋಡರ್ ಇಲ್ಲದಾಗ ಹಾಕಿರುವ ಪ್ಲಗ್) ಕಿತ್ತು ಇಎಸ್‌ಯು ಕಂಪನಿಯ ಲಾಕ್‌ಪೈಲಟ್ 5 ಡಿಕೋಡರ್ ಕೂರಿಸಿದೆ. ಮೋಟಾರಿನ ಎರಡು ತುದಿಗೆ ಬೆಸೆದಿದ್ದ ಪುಟ್ಟ ಕೆಪಾಸಿಟರನ್ನೂ ತೆಗೆದೆ, ಅದು ಬ್ಯಾಕ್ ಇಎಂಎಫ್ ಅಳತೆಯನ್ನು ಕೆಡಿಸುತ್ತದೆ. ಸೆಟ್ಟಿಂಗ್ ಮಾತ್ರ ಡಿಸಿ ಹಳಿಯಲ್ಲಿ ಆಗುವುದಿಲ್ಲ. ಹಳಿಯ ಮೂಲಕ ಡಿಕೋಡರ್‌ಗೆ ಆದೇಶ ಕಳಿಸುವ ಡಿಜಿಟಲ್ ವ್ಯವಸ್ಥೆ ಇರುವ ಗೆಳೆಯರ ಮನೆಗೆ ಒಯ್ದೆ. ಡಿಕೋಡರ್‌ನ ಒಂದೊಂದು ಸೆಟ್ಟಿಂಗ್‌ಗೂ ಸಿವಿ ಎಂಬ ನಂಬರು ಇರುತ್ತದೆ. ಸಿವಿ 29ರ ಮೌಲ್ಯದಲ್ಲಿ 4 ಸೇರಿರಬೇಕು, ಇಲ್ಲದಿದ್ದರೆ ಡಿಸಿಯಲ್ಲಿ ಎಂಜಿನ್ ಅಲುಗಾಡುವುದಿಲ್ಲ. ಸಿವಿ 54ಕ್ಕೆ 0 ಬರೆದು ಎಫ್1 ಒತ್ತಿದರೆ ಎಂಜಿನ್ ಒಮ್ಮೆ ಜೋರಾಗಿ ಓಡಿ, ತನ್ನ ಮೋಟಾರಿನ ಗುಣ ತಾನೇ ಅಳೆದುಕೊಳ್ಳುತ್ತದೆ. ಡಿಸಿಯಲ್ಲಿ ಯಾವ ವೋಲ್ಟೇಜಿಗೆ ಹೊರಡಬೇಕು ಎಂಬುದು ಸಿವಿ 125ರಲ್ಲಿ, ಯಾವುದಕ್ಕೆ ಪೂರ್ತಿ ವೇಗ ಎಂಬುದು 126ರಲ್ಲಿ. ಇವೆರಡರ ನಡುವೆ ಆದಷ್ಟು ಅಂತರ ಇಟ್ಟರೆ ಗುಂಡಿಗೆ ತಿರುಗಲು ಜಾಗ ಸಿಗುತ್ತದೆ. ನನ್ನ ಸಮಯವೆಲ್ಲ ಹೋದದ್ದು ಈ ಎರಡರ ಮೇಲೆ.

ಈಗ ಗುಂಡಿ ಅರ್ಧದ ಹತ್ತಿರ ಬರುವವರೆಗೂ ಏನೂ ಆಗುವುದಿಲ್ಲ, ಆಮೇಲೆ ಎಂಜಿನ್ ಮೆಲ್ಲಗೆ ಹೊರಡುತ್ತದೆ. ಹಳಿಯಲ್ಲಿ ಆಗಲೇ ಸಾಕಷ್ಟು ವೋಲ್ಟೇಜ್ ಇರುವುದರಿಂದ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ತಡವರಿಸುವುದು ತುಂಬಾ ಕಡಿಮೆಯಾಯಿತು. ಪೂರ್ತಿ ಡಿಜಿಟಲ್‌ನಲ್ಲಿ ಸಿಗುವಷ್ಟು ನಿಧಾನ ಇದರಲ್ಲಿ ಸಿಗದು, ಆದರೆ ನನ್ನ ಶಂಟಿಂಗ್‌ಗೆ ಇಷ್ಟು ಸಾಕು.

ಕಂಟ್ರೋಲರ್ ಸಮನಾದ ಡಿಸಿ ಕೊಡುವಂಥದೇ ಆಗಿರಲಿ. ಕರೆಂಟನ್ನು ತುಣುಕಾಗಿ ಬಿಡುವ ಪಲ್ಸ್ ಕಂಟ್ರೋಲರ್‌ಗೆ, ಅಥವಾ ಮೋಟಾರಿನ ವೇಗವನ್ನು ತಾನೇ ಅಳೆಯುವ ಫೀಡ್‌ಬ್ಯಾಕ್ ಕಂಟ್ರೋಲರ್‌ಗೆ ಡಿಕೋಡರ್ ಎಂಜಿನ್ ಹಚ್ಚಬೇಡಿ: ಡಿಕೋಡರ್ ಗಲಿಬಿಲಿಗೊಳ್ಳುತ್ತದೆ, ಸುಟ್ಟರೂ ಸುಟ್ಟೀತು. ಡಿಕೋಡರ್ ಇಲ್ಲದ ಎಂಜಿನ್ ಜೊತೆ ಜೋಡಿಸಿ ಎಳೆಸುವುದೂ ಬೇಡ, ಇದು ಏಳುವ ಹೊತ್ತಿಗೆ ಅದು ಆಗಲೇ ಓಡುತ್ತಿರುತ್ತದೆ. ಸಾಕೆಟ್ ಇಲ್ಲದ ಹಳೆಯ ಎಂಜಿನ್ ಆದರೆ ಮೊದಲು ಮೋಟಾರಿನ ಎರಡೂ ತುದಿಯನ್ನು ಚಾಸಿಯಿಂದ ಪೂರ್ತಿ ಬೇರ್ಪಡಿಸಿ. ಕೆಂಪು, ಕಪ್ಪು ವೈರು ಹಳಿಯ ಕಡೆಗೆ, ಕಿತ್ತಳೆ, ಬೂದು ವೈರು ಮೋಟಾರಿಗೆ.