ಚಿಕ್ಕ ಕೋಣೆಗೆ ಸ್ಟುಡಿಯೊ ಫ್ಲ್ಯಾಶ್: ಆರಿಸಿದ ಬಗೆ, ಹೊಡೆಸಿದ ಬಗೆ

ಸ್ಟುಡಿಯೊ ಫ್ಲ್ಯಾಶ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟ್-ಸೆಕೆಂಡು (ಒಂದು ಹೊಡೆತದ ಶಕ್ತಿಯ ಅಳತೆ) ಅಂತ. ಹತ್ತು ಅಡಿ ಅಗಲದ ಕೋಣೆಯಲ್ಲಿ ಪೋರ್ಟ್ರೇಟ್ ತೆಗೆಯುವವರು ಅದಕ್ಕೂ ಮುಂಚೆ ಕೇಳಬೇಕಾದ್ದು, ಈ ಲೈಟಿನ ಪವರ್ ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂದು. ಕೋಣೆ ಚಿಕ್ಕದಿದ್ದಾಗ ಬೆಳಕು ಸಾಲದೆ ಹೋಗುವುದು ಅಪರೂಪ. ಬೆಳಕು ಅತಿಯಾಗಿಯೇ ಫೋಟೊ ಕೆಡುತ್ತದೆ.

ನನ್ನ ಮುಖ್ಯ ಲೈಟಿನ ಲೆಕ್ಕವನ್ನೇ ಕೊಡುತ್ತೇನೆ. 200 ವ್ಯಾಟ್-ಸೆಕೆಂಡಿನ ಹೆಡ್ (ಫ್ಲ್ಯಾಶ್ ಘಟಕ), 90 ಸೆಂ.ಮೀ. ಆಕ್ಟಾ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿಸುವ ಎಂಟು ಮೂಲೆಯ ಬಟ್ಟೆ ಪೆಟ್ಟಿಗೆ), ಒಳಗೊಂದು ಹೊರಗೊಂದು ಡಿಫ್ಯೂಸರ್ ಬಟ್ಟೆ, ಮುಖದಿಂದ 1 ಮೀಟರ್ ದೂರ, ಐಎಸ್‌ಒ 100. ಇಷ್ಟಕ್ಕೆ ಸುಮಾರು 1/8 ಪವರ್‌ನಲ್ಲೇ ಎಫ್/5.6 ಅಪರ್ಚರ್‌ಗೆ (ಲೆನ್ಸಿನ ಕಿಂಡಿಗೆ) ಸಾಕಾಗುವ ಬೆಳಕು ಸಿಗುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ತೆರೆದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ದುಪ್ಪಟ್ಟು) ಇಳಿಸಿ 1/32, ಎಫ್/2 ಬೇಕಾದರೆ 1/64. ಅದೇ ಜಾಗದಲ್ಲಿ 1/32ರವರೆಗೆ ಮಾತ್ರ ಇಳಿಯುವ 400ರ ಹೆಡ್ ಇಟ್ಟರೆ ಎಫ್/4ಕ್ಕಿಂತ ದೊಡ್ಡ ಅಪರ್ಚರ್ ತೆರೆಯಲಾಗುವುದಿಲ್ಲ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. 200ರಿಂದ 400ಕ್ಕೆ ಹೋದರೆ ದಕ್ಕುವುದು ಒಂದೇ ಒಂದು ಸ್ಟಾಪ್. ಆದ್ದರಿಂದ ನಾನು ನೋಡುವುದು ಗರಿಷ್ಠವನ್ನು ಕನಿಷ್ಠ ಪವರ್‌ನ ಭಿನ್ನರಾಶಿಯಿಂದ ಗುಣಿಸಿ ಬರುವ ಸಂಖ್ಯೆ. 200ರ 1/64 ಅಂದರೆ 3 ವ್ಯಾಟ್-ಸೆಕೆಂಡು ಚಿಲ್ಲರೆ, 400ರ 1/32 ಅಂದರೆ 12.5. ಈಗಾಗಲೇ ದೊಡ್ಡ ಹೆಡ್ ಇದ್ದವರಿಗೆ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಹಾಕುವ, ಬೆಳಕು ತಗ್ಗಿಸುವ ಗಾಜು) ಒಂದು ದಾರಿ, ಆದರೆ ವ್ಯೂಫೈಂಡರ್ ಕತ್ತಲಾಗಿ ಫೋಕಸ್ ತಡಕಾಡುತ್ತದೆ. ಹೆಡ್ಡಿನಲ್ಲೇ ಇರುವ, ಎಡೆಬಿಡದೆ ಉರಿಯುವ ಮಾಡೆಲಿಂಗ್ ಲ್ಯಾಂಪ್ ಹತ್ತಿಸಿಟ್ಟರೆ ಆ ತೊಂದರೆ ತಪ್ಪುತ್ತದೆ.

ಮಾಡೆಲಿಂಗ್ ಲ್ಯಾಂಪ್ ಎಲ್‌ಇಡಿಯದ್ದೇ ಇರಲಿ. ಹ್ಯಾಲೊಜನ್ ಬಲ್ಬು ಕಿರಿದಾದ ಸಾಫ್ಟ್‌ಬಾಕ್ಸ್ ಒಳಗೆ ಅರ್ಧ ಗಂಟೆ ಉರಿದರೆ ಬಟ್ಟೆಯೇ ಕಂದಾಗುತ್ತದೆ. ಮೌಂಟ್ (ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಜಾಗ) ಬೋವೆನ್ಸ್ ಮಾದರಿಯದ್ದಾದರೆ ಮುಂದೆ ಬಹಳಷ್ಟು ಕಂಪನಿಗಳ ಸಾಫ್ಟ್‌ಬಾಕ್ಸ್ ಕೂರುತ್ತದೆ. ಎರಡನೆಯ ಲೈಟಿಗೆ ದುಡ್ಡು ಕೂಡಿಸುವ ಮೊದಲು ಸಾಫ್ಟ್‌ಬಾಕ್ಸಿಗೆ ಒಂದು ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ತನ್ನಿ, ಚಿಕ್ಕ ಕೋಣೆಗೆ ಅದು ಹೆಚ್ಚು ಉಪಕಾರಿ. ಫ್ಲ್ಯಾಶಿನ ಬೆಳಕು ಹರಡುವ ಛತ್ರಿಯನ್ನು ನಾನು ಮನೆಯೊಳಗೆ ಬಿಚ್ಚುವುದಿಲ್ಲ. ಅದರ ಬೆಳಕು ಛಾವಣಿಗೆ, ನಾಲ್ಕೂ ಗೋಡೆಗೆ ಬಡಿದು ವಾಪಸ್ ಬಂದು ನೆರಳನ್ನೆಲ್ಲ ತುಂಬಿಬಿಡುತ್ತದೆ. ಬಿಳಿ ಗೋಡೆಯಾದರೆ ಮುಖ ಚಪ್ಪಟೆಯಾಗುತ್ತದೆ, ಹಸಿರು ಗೋಡೆಯಾದರೆ ಕೆನ್ನೆಯ ನೆರಳಿಗೇ ಹಸಿರು ಛಾಯೆ ಬರುತ್ತದೆ. ವೈಟ್ ಬ್ಯಾಲೆನ್ಸ್ ತಿರುಗಿಸಿದರೆ ಹೋಗದು, ಯಾಕೆಂದರೆ ಬೆಳಗಿರುವ ಕೆನ್ನೆಯ ಬಣ್ಣ ಸರಿಯಾಗಿಯೇ ಇರುತ್ತದೆ. ಲೈಟಿನ ಎದುರು ಬದಿಗೆ, ಕೂತವರಿಂದ ಎರಡು ಅಡಿಯಲ್ಲಿ, ಹೊಳಪಿಲ್ಲದ ಕಪ್ಪು ಬಟ್ಟೆ ಇಳಿಬಿಟ್ಟರೆ ನೆರಳು ಮತ್ತೆ ನೆರಳಾಗುತ್ತದೆ.

ದೂರದ ವಿಷಯ. ಮುಖ ಲೈಟಿನಿಂದ 1 ಮೀಟರ್, ಹಿಂದಿನ ಗೋಡೆ 2 ಮೀಟರ್ ಇದ್ದರೆ ಗೋಡೆಗೆ ಬೀಳುವುದು ಕಾಲುಭಾಗ ಬೆಳಕು, ಅಂದರೆ ಎರಡು ಸ್ಟಾಪ್ ಕಡಿಮೆ. ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಲೈಟನ್ನು ಇನ್ನೊಂದು ಮೀಟರ್ ಹಿಂದಕ್ಕೆಳೆದರೆ ವ್ಯತ್ಯಾಸ ಒಂದು ಸ್ಟಾಪಿಗಿಂತ ತುಸು ಹೆಚ್ಚಷ್ಟೇ ಉಳಿಯುತ್ತದೆ, ಗೋಡೆ ಬೆಳಗಿಬಿಡುತ್ತದೆ. ಹಿನ್ನೆಲೆ ಕಪ್ಪಾಗಿಸಲು ಬಟ್ಟೆ ಹುಡುಕುವವರು ಮೊದಲು ಲೈಟನ್ನು ಮುಖದ ಹತ್ತಿರ ತಂದು, ಪವರ್ ಇಳಿಸಿ ನೋಡಲಿ.

ಕ್ಯಾಮೆರಾ ಹೊಂದಿಸುವ ಕ್ರಮ: ಎಂ (ಮ್ಯಾನುಯಲ್) ಮೋಡ್, ಐಎಸ್‌ಒ 100, ಶಟರ್ 1/160, ಎಫ್/5.6, ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್. ಫ್ಲ್ಯಾಶ್ ಆಫ್ ಮಾಡಿಯೇ ಒಂದು ಫ್ರೇಮ್ ಹೊಡೆಯುತ್ತೇನೆ. ಅದು ಪೂರ್ತಿ ಕಪ್ಪಾಗಿರಬೇಕು. ಏನಾದರೂ ಮಬ್ಬಾಗಿ ಕಂಡರೆ ಕಿಟಕಿಯ ಬೆಳಕೋ ಟ್ಯೂಬ್‌ಲೈಟೋ ಒಳನುಗ್ಗುತ್ತಿದೆ ಎಂದರ್ಥ. ಪರದೆ ಎಳೆದು, ದೀಪ ಆರಿಸಿ, ಆಮೇಲೆ ಫ್ಲ್ಯಾಶ್ ಹಾಕುತ್ತೇನೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಸೆಟ್ಟಿಂಗಿಗೆ ಪರದೆಯೇ ಕಪ್ಪಾಗುತ್ತದೆ. ಫೋಟೊ ಹೇಗೆ ಬರುತ್ತದೋ ಹಾಗೇ ಪರದೆಯಲ್ಲಿ ತೋರಿಸುವ ಎಕ್ಸ್‌ಪೋಶರ್ ಸಿಮ್ಯುಲೇಶನ್ ಆಫ್ ಮಾಡಿದರೆ ಮುಖ ಕಾಣುತ್ತದೆ.

ಇನ್ನು ಶಟರ್ ಒತ್ತಿದ ಕ್ಷಣಕ್ಕೆ ಫ್ಲ್ಯಾಶ್ ಹೊಡೆಸುವ ಟ್ರಿಗರ್. ಸಿಂಕ್ ಕೇಬಲ್ ಕೆಲಸ ಮಾಡುತ್ತದೆ, ಆದರೆ ಕತ್ತಲ ಕೋಣೆಯಲ್ಲಿ ಕಾಲಿಗೆ ಸಿಕ್ಕಿ ಸ್ಟ್ಯಾಂಡ್ ಉರುಳಿಸುವುದೂ ಅದೇ. ಹಳೆಯ ಫ್ಲ್ಯಾಶನ್ನು ಕೇಬಲ್ಲಿನಿಂದ ಕ್ಯಾಮೆರಾಕ್ಕೆ ಸಿಕ್ಕಿಸುವ ಮುಂಚೆ ಫ್ಲ್ಯಾಶ್ ಚಾರ್ಜ್ ಆಗಿರುವಾಗ ಸಿಂಕ್ ತುದಿಯ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಲೇಬೇಕು. ಹಳೆಯವುಗಳಲ್ಲಿ ಕೆಲವು ನೂರು ವೋಲ್ಟ್ ದಾಟುತ್ತವೆ, ಕ್ಯಾಮೆರಾದ ಸರ್ಕ್ಯೂಟ್ ಸುಡಲು ಅಷ್ಟು ಸಾಕು. ರೇಡಿಯೊ ಟ್ರಿಗರಿನಲ್ಲಿ ಆ ಭಯವಿಲ್ಲ. ಹೆಡ್ಡಿನೊಳಗೇ ರಿಸೀವರ್ ಇರುವ ಲೈಟು, ಅದೇ ಕಂಪನಿಯ ಟ್ರಾನ್ಸ್‌ಮಿಟರ್ ತಂದರೆ ಕ್ಯಾಮೆರಾ ಪಕ್ಕದಿಂದಲೇ ಪವರ್ ಏರಿಳಿಸಬಹುದು. ಕ್ಯಾಮೆರಾ ತಲೆಯ ಮೇಲಿನ ಹಾಟ್ ಶೂ ಪಿನ್ನುಗಳು ಕ್ಯಾಮೆರಾ ಕಂಪನಿಗೊಂದು ತರಹ, ಆದ್ದರಿಂದ ಟ್ರಾನ್ಸ್‌ಮಿಟರ್ ನಿಮ್ಮ ಕ್ಯಾಮೆರಾದ ಮಾದರಿಯದ್ದೇ ಆಗಬೇಕು.

ಎರಡೂ ಕಡೆ ಚಾನೆಲ್ ಒಂದೇ ಇರಲಿ, ಮುಖ್ಯ ಲೈಟು ಎ ಗ್ರೂಪ್, ಹಿನ್ನೆಲೆಯದು ಬಿ. ಹೆಚ್ಚಿನ ಟ್ರಿಗರ್‌ಗಳು 2.4 ಗಿಗಾಹರ್ಟ್ಜ್‌ನವು, ವೈಫೈ ಕೂಡ ಅಲ್ಲೇ ಓಡುತ್ತದೆ. ಆಗಾಗ ತಪ್ಪಿದರೆ ಚಾನೆಲ್ ಬದಲಿಸಿ ನೋಡುವುದು ಮೊದಲ ಮದ್ದು. ಲೈಟಿಗೆ ತೀರಾ ಹತ್ತಿರ ನಿಂತಾಗ ಮಾತ್ರ ತಪ್ಪುವ ಟ್ರಿಗರ್‌ಗಳೂ ಇವೆ. ಸಿಗ್ನಲ್ ದೂರಕ್ಕೆಂದೇ ಹೊಂದಿಕೊಂಡಿರುತ್ತದೆ, ಮೆನುವಿನಲ್ಲಿ ಹತ್ತಿರದ ವ್ಯಾಪ್ತಿ ಆರಿಸಿದರೆ ಸರಿಹೋಗುತ್ತದೆ.

ಒಂದಕ್ಕೆ ರೇಡಿಯೊ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಎರಡನೆಯದನ್ನು ಆಪ್ಟಿಕಲ್ ಸ್ಲೇವ್‌ನಲ್ಲಿಡಿ (ಇನ್ನೊಂದು ಫ್ಲ್ಯಾಶಿನ ಬೆಳಕು ಕಂಡು ತಾನೂ ಹೊಡೆಯುವ ಮೋಡ್). ಇಲ್ಲಿ ಬಹಳ ಜನ ಎಡವುತ್ತಾರೆ. ಮುಖ್ಯ ಲೈಟು ಟಿಟಿಎಲ್‌ನಲ್ಲಿ (ಕ್ಯಾಮೆರಾ ತಾನೇ ಪವರ್ ಹೊಂದಿಸುವ ಮೋಡ್) ಇದ್ದರೆ ಅಳತೆಗಾಗಿ ಮೊದಲೊಂದು ಸಣ್ಣ ಮಿಂಚು ಹಾಯುತ್ತದೆ, ಮೊದಲ ಮಿಂಚಿಗೇ ಹೊಡೆಯುವ ಎಸ್1 ಮೋಡಿನಲ್ಲಿರುವ ಸ್ಲೇವ್ ಅದಕ್ಕೇ ಹೊಡೆದು ಮುಗಿಸಿರುತ್ತದೆ. ಕಣ್ಣಿಗೆ ಎರಡೂ ಹೊಡೆದಂತೆ ಕಾಣುತ್ತದೆ, ಫೋಟೊದಲ್ಲಿ ಒಂದೇ ಇರುತ್ತದೆ. ಮುಖ್ಯ ಲೈಟನ್ನು ಮ್ಯಾನುಯಲ್‌ಗೆ ತನ್ನಿ, ಹೀಗೇ ಮುಂಚಿತವಾಗಿ ಮಿಂಚು ಹಾಯಿಸಬಹುದಾದ ರೆಡ್-ಐ ರಿಡಕ್ಷನ್ ಆಫ್ ಮಾಡಿ.

ಸೆಟಪ್ ಮುಗಿದ ಮೇಲೆ ಖಾಲಿ ಕುರ್ಚಿಗೆ ಎರಡೆರಡು ಸೆಕೆಂಡಿಗೊಂದರಂತೆ ಇಪ್ಪತ್ತು ಫ್ರೇಮ್ ಹೊಡೆದು, ಕ್ಯಾಮೆರಾ ಪರದೆಯಲ್ಲಿ ಒಂಬತ್ತೊಂಬತ್ತರ ಸಾಲಿನಲ್ಲಿ ನೋಡುತ್ತೇನೆ. ಯಾವ ಫ್ರೇಮ್ ಹೇಗೆ ಕಪ್ಪಾಗಿದೆ ಎಂಬುದರಿಂದಲೇ ಕಾರಣ ಗೊತ್ತಾಗುತ್ತದೆ. ಪೂರ್ತಿ ಕಪ್ಪಾಗಿದ್ದರೆ ಟ್ರಿಗರ್ ಮುಟ್ಟಿಲ್ಲ: ಟ್ರಾನ್ಸ್‌ಮಿಟರ್ ಹಾಟ್ ಶೂನಲ್ಲಿ ಕೊನೆಯವರೆಗೆ ಸರಿದಿಲ್ಲ, ಬ್ಯಾಟರಿ ಇಳಿದಿದೆ, ಇಲ್ಲವೇ ಕ್ಯಾಮೆರಾ ಸೈಲೆಂಟ್ ಶಟರಿನಲ್ಲಿದೆ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಬಹುಪಾಲು ಕ್ಯಾಮೆರಾಗಳು ಫ್ಲ್ಯಾಶಿಗೆ ಸಿಗ್ನಲ್ಲೇ ಕಳಿಸುವುದಿಲ್ಲ. ಒಂದು ಸ್ಟಾಪಿನಷ್ಟು ಮಂಕಾಗಿದ್ದರೆ ರೀಸೈಕಲ್ ಆಗುವ (ಮತ್ತೆ ಚಾರ್ಜ್ ತುಂಬುವ) ಮುಂಚೆಯೇ ಹೊಡೆದಿದ್ದೀರಿ, ಬೀಪ್ ಆನ್ ಮಾಡಿ, ಕೇಳಿಸಿದ ಮೇಲೆ ಶಟರ್ ಒತ್ತಿ. ಉದ್ದನೆಯ ಅಂಚಿಗೆ ಕಪ್ಪು ಪಟ್ಟಿ ಬಂದಿದ್ದರೆ ಶಟರ್ ವೇಗ ಸಿಂಕ್ ಮಿತಿ (ಫ್ಲ್ಯಾಶಿನೊಂದಿಗೆ ಹೊಂದುವ ಗರಿಷ್ಠ ವೇಗ) ದಾಟಿದೆ: ಫ್ಲ್ಯಾಶ್ ಹೊಡೆದಾಗ ಶಟರ್ ಪರದೆ ಆಗಲೇ ಸೆನ್ಸರಿನ ಅಂಚನ್ನು ಮುಚ್ಚತೊಡಗಿದೆ. ಮಿತಿ 1/200 ಅಥವಾ 1/250 ಎಂದು ಬರೆದಿದ್ದರೂ ರೇಡಿಯೊ ಟ್ರಿಗರಿನ ಸಣ್ಣ ವಿಳಂಬ ಸೇರುವುದರಿಂದ ನಾನು 1/160 ಬಿಟ್ಟು ಮೇಲೆ ಹೋಗುವುದಿಲ್ಲ. ಮಿತಿ ದಾಟಿದ ವೇಗಕ್ಕೆಂದೇ ಇರುವ ಹೈ-ಸ್ಪೀಡ್ ಸಿಂಕ್ ಹಾಕಿದರೆ ಪಟ್ಟಿ ಮಾಯವಾಗುತ್ತದೆ ನಿಜ, ಆದರೆ ಬೆಳಕು ತುಂಬಾ ಕುಸಿಯುತ್ತದೆ, ಹೆಡ್ ಬೇಗ ಬಿಸಿಯಾಗುತ್ತದೆ. ಕತ್ತಲು ಮಾಡಿಕೊಂಡ ಕೋಣೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಸ್ಟ್ಯಾಂಡಿನ ಮೂರು ಕಾಲುಗಳಲ್ಲಿ ಒಂದು ಸಾಫ್ಟ್‌ಬಾಕ್ಸ್ ಬಾಗಿರುವ ದಿಕ್ಕಿಗೇ ಇರಲಿ, 5 ಕಿಲೊ ಮರಳಿನ ಚೀಲ ಹಿಂದಿನ ಕಾಲಿಗೆ. ಹೆಡ್ ಕೆಟ್ಟರೆ ಸ್ವಂತವಾಗಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು, ಜೀವಕ್ಕೇ ಅಪಾಯ. ತಿಂಗಳುಗಟ್ಟಲೆ ಬಳಸದೆ ಇಟ್ಟ ಹೆಡ್ಡನ್ನು ಏಕಾಏಕಿ ಪೂರ್ತಿ ಪವರ್‌ನಲ್ಲಿ ಹೊಡೆಸಬಾರದು. ಕನಿಷ್ಠ ಪವರ್‌ನಲ್ಲಿ ಆನ್ ಮಾಡಿ ಅರ್ಧ ಗಂಟೆ ಬಿಟ್ಟು, ಆಮೇಲೆ ಒಂದೊಂದೇ ಸ್ಟಾಪ್ ಏರಿಸುತ್ತಾ ಪ್ರತಿ ಹಂತದಲ್ಲಿ ನಾಲ್ಕೈದು ಸಲ ಹೊಡೆಸುತ್ತೇನೆ.