ಹಾಯಿದೋಣಿಯಲ್ಲಿ ಸೇಂಟ್ ಮೇರೀಸ್‌ಗೆ: ಮೊದಲು ವಾಪಸ್ ಬರುವ ಹೊತ್ತು ಗೊತ್ತುಮಾಡಿ

ಮಲ್ಪೆ ಬೀಚಿನಲ್ಲಿ ನಿಂತರೆ ಸೇಂಟ್ ಮೇರೀಸ್ ದ್ವೀಪದ ತೆಂಗಿನ ಮರಗಳು ಕಾಣುತ್ತವೆ. ಬಂದರಿನಿಂದ ಸುಮಾರು 6 ಕಿಲೋಮೀಟರ್. ಇಷ್ಟೇ ಅಲ್ವಾ, ಹಾಯಿ ಬಿಚ್ಚಿ ಹೊರಟರಾಯಿತು ಅನ್ನಿಸುತ್ತದೆ. ಹೋಗುವುದೇನೋ ಸುಲಭವೇ. ತೊಂದರೆ ಬರುವುದು ಮಧ್ಯಾಹ್ನ ವಾಪಸ್ ಬರುವಾಗ. ಅದೂ ದಡ ಸಿಕ್ಕಿತು ಅನ್ನುವಷ್ಟರಲ್ಲಿ, ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ. ಹಾಗಾಗಿ ಈ ಪ್ರಯಾಣದ ಲೆಕ್ಕವನ್ನು ಕೊನೆಯಿಂದ ಹಾಕಬೇಕು.

ನಿಮ್ಮದು 16–18 ಅಡಿಯ ದೋಣಿ, ಹೋಗುವವರು ಇಬ್ಬರೋ ಮೂವರೋ, ಹಾಯಿ ನಡೆಸಲು ಬರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಬರದಿದ್ದರೆ ಮೊದಲು ಕೆಮ್ಮಣ್ಣು ಕಡೆ ಸ್ವರ್ಣಾ ಹೊಳೆಯ ಹಿನ್ನೀರಿನಲ್ಲಿ ಕಲಿಯಿರಿ. ದೋಣಿಯನ್ನು ಬೇಕೆಂದೇ ಮಗುಚಿ, ಮತ್ತೆ ನೆಟ್ಟಗೆ ಮಾಡಿ, ಒಳಗೆ ಹತ್ತುವುದು ಅಭ್ಯಾಸವಾಗುವ ತನಕ ಕಡಲಿಗೆ ಬರಬೇಡಿ.

ಕಾಲ

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಮೇ ತಿಂಗಳಲ್ಲಿ ಕಡಲು ಎಷ್ಟು ಚೆಂದ ಕಂಡರೂ ನಂಬಬೇಡಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯ ಪಕ್ಕದಲ್ಲಿ ಹಾದುಹೋಯಿತು. ಮಳೆಗಾಲದ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಹೋಗುವಂತಿಲ್ಲ.

ದಿನ ಆರಿಸುವುದು

ಇದೇ ಮುಖ್ಯ ಹೆಜ್ಜೆ. ದಿನ ಆರಿಸಬೇಕಾದದ್ದು ರಜೆ ನೋಡಿ ಅಲ್ಲ, ಉಬ್ಬರ ನೋಡಿ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನ ಉಬ್ಬರಕ್ಕೆ ಸುಮಾರು ಆರು ಗಂಟೆ. ಮತ್ತೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಅಳಿವೆಯಲ್ಲಿ ಆಗುವುದು ಇಷ್ಟು. ಇಳಿತದ ಹೊತ್ತಿಗೆ ಹೊಳೆ ನೀರು ರಭಸದಿಂದ ಹೊರಗೆ ಬರುತ್ತದೆ. ಮಧ್ಯಾಹ್ನದ ಗಾಳಿ ಅಲೆಗಳನ್ನು ಒಳಗೆ ತಳ್ಳುತ್ತದೆ. ಎರಡೂ ಎದುರಾದಲ್ಲಿ ಅಲೆ ಎದ್ದು ನಿಂತು ಮುರಿಯುತ್ತದೆ. ನಾನು ಮೊದಲ ಸಲ ಹೋದಾಗ ದ್ವೀಪದಿಂದ ಹೊರಟಾಗಲೇ ಮೂರೂವರೆ. ಅಳಿವೆ ಮುಟ್ಟುವಾಗ ಇಳಿತ ಜೋರಾಗಿತ್ತು. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗವನ್ನು ಎತ್ತಿತು. ಚುಕ್ಕಾಣಿ ನೀರು ಬಿಟ್ಟು ಮೇಲೆದ್ದು ಕೈಯಲ್ಲಿ ಪೂರಾ ಹಗುರಾಯಿತು. ತಿರುಗಿಸಿದರೂ ದೋಣಿ ತಿರುಗಲಿಲ್ಲ. ಎರಡು ಕ್ಷಣ ಇರಬಹುದು, ಅಷ್ಟೇ. ಆ ಹಗುರ ಇವತ್ತಿಗೂ ನನ್ನ ಅಂಗೈಯಲ್ಲಿದೆ.

ಆದ್ದರಿಂದ ಮಧ್ಯಾಹ್ನ ಎರಡರ ಸುಮಾರಿಗೆ ಉಬ್ಬರ ತುಂಬುವ ದಿನ ನೋಡಿ. ಆಗ ನೀವು ಅಳಿವೆಗೆ ಬರುವಾಗ ನೀರು ಒಳಗೇ ಹೋಗುತ್ತಿರುತ್ತದೆ. ಇನ್ನೊಂದು ಲಾಭವೂ ಇದೆ. ಅಂಥ ದಿನ ಬೆಳಗ್ಗೆ ಎಂಟರ ಹತ್ತಿರ ಇಳಿತ ಮುಗಿಯುತ್ತದೆ. ಏಳಕ್ಕೆ ಹೊರಟರೆ ಇಳಿಯುವ ನೀರೇ ನಿಮ್ಮನ್ನು ಹೊರಗೆ ಕರೆದುಕೊಂಡು ಹೋಗುತ್ತದೆ. ಆ ಹೊತ್ತಿಗೆ ಕಡಲಿನ ಗಾಳಿ ಎದ್ದಿರುವುದಿಲ್ಲ, ಅಳಿವೆ ಸಾಮಾನ್ಯವಾಗಿ ತಣ್ಣಗಿರುತ್ತದೆ. ನಿಮ್ಮ ರಜೆಯ ದಿನ ಹೊತ್ತು ಹೊಂದದಿದ್ದರೆ ಮುಂದಕ್ಕೆ ಹಾಕಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ, ನೆನಪಿರಲಿ.

ಗಾಳಿ

ಚಳಿಗಾಲದ ಬೆಳಗ್ಗೆ ಗಾಳಿ ನೆಲದ ಕಡೆಯಿಂದ, ಪೂರ್ವದಿಂದ ಬರುತ್ತದೆ. ಹತ್ತರ ಹೊತ್ತಿಗೆ ಸತ್ತುಹೋಗುತ್ತದೆ. ಆಮೇಲೆ ಪಡುವಣ ಅಥವಾ ವಾಯವ್ಯದ ಗಾಳಿ ಶುರುವಾಗಿ ಎರಡರಿಂದ ನಾಲ್ಕರ ನಡುವೆ ಜೋರಾಗುತ್ತದೆ. ದ್ವೀಪ ಇರುವುದು ಬಂದರಿನ ವಾಯವ್ಯಕ್ಕೆ. ಹೋಗುವಾಗ ಗಾಳಿ ಬಲಮಗ್ಗುಲಿಗೆ, ಬರುವಾಗ ಹೆಚ್ಚುಕಡಿಮೆ ಬೆನ್ನಿಗೆ. ಎರಡೂ ಕಡೆ ಗಾಳಿ ಅನುಕೂಲ. ಎಂಜಿನ್ ಇಲ್ಲದ ಕಾಲದಲ್ಲಿ ನಮ್ಮ ಮೀನುಗಾರರೂ ಇದೇ ಎರಡು ಗಾಳಿ ನಂಬಿ ಹೋಗಿ ಬರುತ್ತಿದ್ದರು.

ಆದರೆ ಬೆಳಗಿನ ಗಾಳಿಗೆ ಒಂದು ಗುಣವಿದೆ. ಹಾಯಿಕಂಬವೋ ಹಗ್ಗವೋ ಮುರಿದು ನೀವು ನಿಂತುಬಿಟ್ಟರೆ ಅದು ನಿಮ್ಮನ್ನು ದಡಕ್ಕೆ ತರುವುದಿಲ್ಲ, ಅರಬ್ಬಿ ಸಮುದ್ರಕ್ಕೆ ನೂಕುತ್ತದೆ. ಅದಕ್ಕೇ ಲಂಗರು ಮೂಲೆಯಲ್ಲಿ ಗಂಟು ಬಿದ್ದು ಕೂತಿರಬಾರದು, ಕೈಗೆ ಸಿಗುವಂತಿರಬೇಕು. ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಇರಲಿ.

ಹಿಂದಿನ ದಿನ

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಎರಡನ್ನೂ ನೋಡಿ. ಆಮೇಲೆ ಬಂದರಿಗೆ ಹೋಗಿ ಒಬ್ಬ ತಾಂಡೇಲರ (ಮೀನುಗಾರಿಕೆ ಬೋಟು ನಡೆಸುವವರ) ಜೊತೆ ಮಾತಾಡಿ. ಬಲೆ ಎಲ್ಲಿ ಬಿಟ್ಟಿದ್ದಾರೆ, ಅಳಿವೆಯಲ್ಲಿ ಮರಳು ಯಾವ ಕಡೆ ಕೂತಿದೆ, ಇವೆಲ್ಲ ಅವರಿಗೆ ಗೊತ್ತು. ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ನಕ್ಷೆಯನ್ನೇ ನೆಚ್ಚಿಕೊಂಡರೆ ಸಾಲದು.

ಬಂದರು ಕಚೇರಿಯಲ್ಲೂ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲೂ ಮೊದಲೇ ಕೇಳಿ ಅನುಮತಿ ಪಡೆಯಿರಿ. ದ್ವೀಪದಲ್ಲಿ ಎಲ್ಲಿ ಇಳಿಯಬಹುದು ಎನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ರಾತ್ರಿ ಉಳಿಯಲು ಬಿಡುವುದಿಲ್ಲ.

ಒಂದು ಚೀಟಿ ಬರೆದು ಮನೆಯವರ ಕೈಗೆ ಕೊಡಿ. ದೋಣಿಯ ಬಣ್ಣ, ಹಾಯಿಯ ಬಣ್ಣ, ಎಷ್ಟು ಜನ, ಹೊರಡುವ ಹೊತ್ತು, ಬರುವ ಹೊತ್ತು. ಕೆಳಗೆ ದೊಡ್ಡದಾಗಿ: "ಸಂಜೆ 4ರೊಳಗೆ ಫೋನ್ ಬರದಿದ್ದರೆ 1554ಕ್ಕೆ ಕರೆ ಮಾಡಿ." ಅದು ಕೋಸ್ಟ್ ಗಾರ್ಡ್‌ನ ರಕ್ಷಣಾ ನಂಬರು. ಕರಾವಳಿ ಕಾವಲು ಪೊಲೀಸರದ್ದು 1093.

ದೋಣಿಯಲ್ಲಿ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು, ಸುಮ್ನೆ ಕಾಲಡಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ತಲೆಗೆ ಮೂರು ಲೀಟರ್ ಕುಡಿಯುವ ನೀರು, ಎರಡು ಹುಟ್ಟು, ನೀರು ಎತ್ತಿಹಾಕಲು ಬಕೆಟ್, ದಿಕ್ಸೂಚಿ, ಸೀಟಿ, ಟಾರ್ಚ್. ವಿಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 16ರಲ್ಲಿಡಿ, ಅಪಾಯದ ಕರೆಗೆ ಇರುವುದು ಅದೇ. ಮೊಬೈಲನ್ನು ನೀರು ಹೋಗದ ಚೀಲದಲ್ಲಿ ಹಾಕಿ, ಮೈಗೆ ಕಟ್ಟಿಕೊಳ್ಳಿ.

ಆ ದಿನ

3 ನಾಟ್ (ಗಂಟೆಗೆ ಸುಮಾರು 5.5 ಕಿಲೋಮೀಟರ್) ವೇಗ ಹಿಡಿದರೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಲೆಕ್ಕಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಟ್ರಾಲ್ ಬೋಟುಗಳಿಗೆ ದಾರಿ ಬಿಡಿ, ಬಲೆ ಎಳೆಯುವಾಗ ಅವು ಬೇಗ ತಿರುಗಲಾರವು. ನೀರಿನ ಮೇಲೆ ಸಾಲಾಗಿ ಥರ್ಮೊಕೋಲ್ ತುಂಡು ಅಥವಾ ಚಿಕ್ಕ ಬಾವುಟ ಕಂಡರೆ ಕೆಳಗೆ ಬಲೆ ಇದೆ, ಸುತ್ತುಹಾಕಿ ಹೋಗಿ. ಅದು ಒಬ್ಬರ ದುಡಿಮೆ.

ದ್ವೀಪಕ್ಕೆ ಪಡುವಣದಿಂದ ಹೋಗಬೇಡಿ. ಅಲ್ಲೆಲ್ಲ ಬಂಡೆ, ಅಲೆ ನೇರ ಬಡಿಯುತ್ತದೆ. ಪೂರ್ವದ ಮಗ್ಗುಲಲ್ಲಿ ಹಾಯಿ ಇಳಿಸಿ, ಹುಟ್ಟು ಹಾಕುತ್ತಾ ನಿಧಾನ ಹೋಗಿ. ಕಾಲಿಗೆ ಸಿಗುವುದು ಮರಳಿಗಿಂತ ಚಿಪ್ಪು ಜಾಸ್ತಿ, ಚಪ್ಪಲಿ ಬೇಕು. ಕಂಬ ಕಂಬವಾಗಿ ನಿಂತ ಆ ಬಂಡೆಗಳಿಗೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ಅದು. ಮೂರು ಗಂಟೆ ಕೂತು ನೋಡಿ, ಕಸ ವಾಪಸ್ ತನ್ನಿ.

ಹನ್ನೆರಡಕ್ಕೆ ಹೊರಡಿ. ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ದ್ವೀಪದಲ್ಲೇ, ದೋಣಿ ಅಲುಗಾಡದಿರುವಾಗಲೇ, ಹಾಯಿ ಮಡಚಿ ಚಿಕ್ಕದು ಮಾಡಿಕೊಳ್ಳಿ. ನೀರಿನ ಮಧ್ಯೆ ಒದ್ದೆ ಕೈಯಲ್ಲಿ ಅದು ಕಷ್ಟದ ಕೆಲಸ. ಅಳಿವೆಯ ಹೊರಗೆ ಐದು ನಿಮಿಷ ನಿಂತು ನೋಡಿ. ಅಲೆ ಮುರಿಯುತ್ತಿದ್ದರೆ ಒಳಗೆ ನುಗ್ಗಬೇಡಿ, ದೂರದಲ್ಲೇ ಲಂಗರು ಹಾಕಿ ಕಾಯಿರಿ, ಇಲ್ಲವೇ ಬರುವ ಬೋಟಿಗೆ ಕೈಬೀಸಿ. ಮಲ್ಪೆಯವರು ಹಗ್ಗ ಎಸೆಯದೆ ಮುಂದೆ ಹೋಗುವವರಲ್ಲ.

ದಕ್ಕೆಗೆ ದೋಣಿ ಕಟ್ಟಿದ ಕೂಡಲೇ ಚೀಟಿ ಇಟ್ಟುಕೊಂಡವರಿಗೆ ಫೋನ್ ಮಾಡಿ. ಹಾಯಿ, ರಾಟೆ, ಚುಕ್ಕಾಣಿಯನ್ನು ಸಿಹಿನೀರಿನಲ್ಲಿ ತೊಳೆಯುವುದು ಆಮೇಲೆ.